ಮಧ್ಯಾಹ್ನದ ಕಾವಲು

ಆ ಊರಿನಲ್ಲಿ ಕನಸು ಬೀಳುವುದು ಮಧ್ಯಾಹ್ನ. ಊಟವಾಗಿ ತಾಟು ತೊಳೆದಿಟ್ಟ ಮೇಲೆ ಅಂಗಡಿಗಳ ಬಾಗಿಲು ಅರ್ಧಕ್ಕೆ ಮುಚ್ಚುತ್ತವೆ. ಬಸ್ಸು ಬೇವಿನ ಮರದ ನೆರಳಿಗೆ ಬಂದು ನಿಲ್ಲುತ್ತದೆ, ಡ್ರೈವರ್ ಹಿಂದಿನ ಉದ್ದ ಸೀಟಿನಲ್ಲಿ ಅಡ್ಡಾಗುತ್ತಾನೆ. ಬೀದಿಯಲ್ಲಿ ಬಿಸಿಲೊಂದೇ ಉಳಿಯುತ್ತದೆ. ಸ್ವಲ್ಪ ಹೊತ್ತಿನಲ್ಲಿ ಇಡೀ ಊರಿನ ಉಸಿರು ಒಂದೇ ಲಯಕ್ಕೆ ಬರುತ್ತದೆ. ಕಿವಿಗೊಟ್ಟರೆ ಅದು ಕೇಳಿಸುತ್ತದೆ ಕೂಡ, ದೂರದಲ್ಲಿ ಯಾರೋ ಜೋಳ ಕೇರುತ್ತಿರುವ ಹಾಗೆ. ರಾತ್ರಿಯೂ ಅವರು ಮಲಗುತ್ತಾರೆ, ಆದರೆ ಅದು ದಣಿದ ಮೈಗಾಗಿ ಮಾತ್ರ. ಆ ನಿದ್ದೆಯಲ್ಲಿ ಏನೂ ಇರುವುದಿಲ್ಲ.

ಕನಸುಗಳು ಬರುತ್ತಿದ್ದದ್ದು ಊರ ಅಂಚಿನ ಹಳೆಯ ಹತ್ತಿ ಗಿರಣಿಯಿಂದ. ಅಲ್ಲಿ ನಾಲ್ಕು ಸರ್ವರ್‌ಗಳಿದ್ದವು. ಆಳೆತ್ತರದ ಕಬ್ಬಿಣದ ಮೈ, ಜಾಲರಿಯ ಬಾಗಿಲು. ಊರಿನವರು ಅವನ್ನು ಕಪಾಟು ಎನ್ನುತ್ತಿದ್ದರು: ಬಾವಿ ಕಡೆಯ ಕಪಾಟು, ಹುಣಸೆಮರದ ಕಡೆಯದು, ಗೋಡೆ ಕಡೆಯದು, ಬಾಗಿಲ ಕಡೆಯದು. ಅವುಗಳ ಮುಂದೆ ಒಂದು ಚಿಕ್ಕ ಯಂತ್ರ. ಅದರ ಹೆಸರು ಅಗಸಿ. ಊರೊಳಗೆ ಬರುವವರು ಊರ ಹೆಬ್ಬಾಗಿಲು, ಅಂದರೆ ಅಗಸಿ, ದಾಟಿಯೇ ಬರುವಂತೆ, ನಿದ್ದೆಗೆ ಜಾರಿದವರೆಲ್ಲ ಮೊದಲು ಈ ಅಗಸಿಗೆ ಬರುತ್ತಿದ್ದರು. ಯಾವ ಕಪಾಟಿನಲ್ಲಿ ಜನ ಕಡಿಮೆಯೋ ಅದರತ್ತ ಅದು ಅವರನ್ನು ಕಳಿಸುತ್ತಿತ್ತು. ಊರೆಲ್ಲ ಒಂದೇ ಕಪಾಟಿಗೆ ನುಗ್ಗಿದರೆ ಅದು ತಾಳುತ್ತಿರಲಿಲ್ಲ.

ನಾನು ಹೊರಗಿನವಳು. ಹೆಸರು ನೀಲಾಂಬಿಕೆ, ಆ ಊರಿಗೆ ನೀಲಕ್ಕ. ಅಗಸಿಗೆ ನನ್ನ ಗುರುತಿರಲಿಲ್ಲವಾದ್ದರಿಂದ ಮಧ್ಯಾಹ್ನ ನನಗೆ ನಿದ್ದೆಯೂ ಬರುತ್ತಿರಲಿಲ್ಲ, ಕನಸೂ ಬೀಳುತ್ತಿರಲಿಲ್ಲ. ಕನಸು ಬೇಕೆನ್ನಿಸಿದಾಗ ರಜೆ ಹಾಕಿ ತವರಿಗೆ ಹೋಗಿ ಎಲ್ಲರ ಹಾಗೆ ರಾತ್ರಿ ಕಂಡು ಬರುತ್ತಿದ್ದೆ. ಊರ ಕಮಿಟಿಯವರು ಕಪಾಟುಗಳನ್ನು ನೋಡಿಕೊಳ್ಳಲು ನನ್ನನ್ನು ಕರೆಸಿಕೊಂಡದ್ದೂ ಅದೇ ಕಾರಣಕ್ಕೆ. ಊರು ಮಲಗಿದಾಗ ಎದ್ದಿರಲು ಆಗುವ ಜನ ಅವರಿಗೆ ಬೇಕಾಗಿತ್ತು.

ಅಂಥವರು ಊರೊಳಗೆ ಒಬ್ಬರೇ ಇದ್ದರು. ದಾವಲಸಾಬ್. ನಾನು ಅವರನ್ನು ದಾವಲ ಕಾಕಾ ಎನ್ನುತ್ತಿದ್ದೆ. ಅವರು ಅಲ್ಲೇ ಹುಟ್ಟಿದವರು, ಅಗಸಿಗೆ ಅವರ ಹೆಸರು ಚೆನ್ನಾಗಿ ಗೊತ್ತಿತ್ತು. ಆದರೂ ಮಧ್ಯಾಹ್ನದ ಸೆಳೆತಕ್ಕೆ ಸಿಗದೆ ಕೂತಿರುವ ಶಕ್ತಿ ಅವರಿಗೆ ಮಾತ್ರ ಇತ್ತು. ಬೇರೆ ಯಾರನ್ನು ಗಿರಣಿಯ ಬೆಂಚಿನ ಮೇಲೆ ಕೂರಿಸಿದರೂ ಅವರು ಕೂತಲ್ಲೇ ತೂಕಡಿಸಿ ಒರಗಿಬಿಡುತ್ತಿದ್ದರಂತೆ. ದಾವಲ ಕಾಕಾ ಲವಂಗ ಕಡಿಯುತ್ತಾ, ಒದ್ದೆ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಾ, ಕಪಾಟುಗಳ ಗುಂಯ್‌ಗುಡುವಿಕೆಗೆ ಕಿವಿಗೊಟ್ಟು ಕೂತಿರುತ್ತಿದ್ದರು. ಯಾವುದರ ದನಿ ಕುಗ್ಗಿತೋ ಅದರ ಸ್ವಿಚ್ ಕೆಳಗೆಳೆದು, ತಣ್ಣಗಾಗಲು ಬಿಟ್ಟು, ಮತ್ತೆ ಮೇಲೆತ್ತುತ್ತಿದ್ದರು. ಮೀಸೆ ಮೂಡುವ ವಯಸ್ಸಿಗೆ ಆ ಬೆಂಚಿನ ಮೇಲೆ ಕೂತವರು, ಈಗ ಗಡ್ಡ ಬೆಳ್ಳಗಾಗಿತ್ತು. ಅವರ ಮದುವೆಯಾಯಿತು, ಮಗಳು ಶಮಶಾದ್ ಹುಟ್ಟಿದಳು, ಬೆಳೆದು ಗಂಡನ ಊರಿಗೆ ಹೋದಳು, ಹೆಂಡತಿ ಹಾಜರಾ ತೀರಿಕೊಂಡರು. ಇಷ್ಟೆಲ್ಲ ಆದರೂ ಅವರು ಒಂದೂ ಕನಸು ಕಂಡಿರಲಿಲ್ಲ.

ನಾನು ಬರುವ ಹೊತ್ತಿಗೆ ಅವರಿಗೆ ಒಂದು ಥರದ ಕಾಯಿಲೆ ಶುರುವಾಗಿತ್ತು. ಚಹಾದ ಕಪ್ಪು ತುಟಿಯ ತನಕ ಹೋಗಿ ಅಲ್ಲೇ ನಿಂತುಬಿಡುತ್ತಿತ್ತು. ಬಾಗಿಲ ಚಿಲಕದ ಮೇಲೆ ಕೈಯಿಟ್ಟು, ತೆಗೆಯುವುದೋ ಹಾಕುವುದೋ ತಿಳಿಯದವರ ಹಾಗೆ ಬಹಳ ಹೊತ್ತು ನಿಂತಿರುತ್ತಿದ್ದರು. ಮರೆವು ಎನ್ನೋಣವೆಂದರೆ ಅವರಿಗೆ ಎಲ್ಲ ನೆನಪಿತ್ತು. ಏನಾಗುತ್ತದೆ ಎಂದು ಕೇಳಿದರೆ, ಒಳಗೆ ಗಾಳಿಯೇ ಆಡುತ್ತಿಲ್ಲ ಎನ್ನುತ್ತಿದ್ದರು. ಡಾಕ್ಟರು ನಾಡಿ ಹಿಡಿದು ನೋಡಿ, ಔಷಧವನ್ನೇನೂ ಬರೆಯದೆ, ಈ ಮನುಷ್ಯ ಇನ್ನು ಬೇಗ ಮಧ್ಯಾಹ್ನ ಮಲಗದಿದ್ದರೆ ಒಂದು ದಿನ ಹೀಗೇ ನಿಂತವರು ನಿಂತೇ ಇರುತ್ತಾರೆ ಎಂದು ನನಗೆ ಹೇಳಿದರು.

ಹಾಗೆಯೇ ಆಯಿತು. ಒಂದು ಮಧ್ಯಾಹ್ನ ನಾನು ಬಾವಿಯಿಂದ ನೀರು ಸೇದಿಕೊಂಡು ಒಳಗೆ ಬಂದಾಗ ಹುಣಸೆಮರದ ಕಡೆಯ ಕಪಾಟು ಸದ್ದಿಲ್ಲದೆ ನಿಂತಿತ್ತು. ಅದರ ಸ್ವಿಚ್ಚಿನ ಮೇಲೆ ಕೈಯಿಟ್ಟು ದಾವಲ ಕಾಕಾ ಕೂಡ ನಿಂತಿದ್ದರು. ಅವರ ಕಣ್ಣು ತೆರೆದೇ ಇತ್ತು, ಹೆಗಲು ಹಿಡಿದು ಅಲುಗಿಸಿದ ಮೇಲಷ್ಟೇ ನನ್ನತ್ತ ತಿರುಗಿದರು. ಕಪಾಟು ಸತ್ತಿರುವುದು ಅಗಸಿಗೆ ಗೊತ್ತಿರಲಿಲ್ಲ, ಅದು ಜನರನ್ನು ಅತ್ತ ಕಳಿಸುತ್ತಲೇ ಇತ್ತು. ಒಳಗಿದ್ದವರ ಕನಸುಗಳೆಲ್ಲ ನಡುವೆಯೇ ಕಡಿದುಹೋಗಿದ್ದವು.

ಕನಸು ಕಡಿದವರನ್ನು ನೋಡಿದರೆ ತಿಳಿಯುತ್ತದೆ. ಅವರು ಎದ್ದು ಎಂದಿನಂತೆ ಕೆಲಸಕ್ಕೆ ಹೋಗುತ್ತಾರೆ, ಆದರೆ ಕಣ್ಣಿಂದ ನೀರು ಸುರಿಯುತ್ತಲೇ ಇರುತ್ತದೆ, ಯಾತಕ್ಕೆಂದು ಅವರಿಗೇ ಗೊತ್ತಿರುವುದಿಲ್ಲ. ಆ ಸಂಜೆ ಹಿಟ್ಟಿನ ಗಿರಣಿಯವನು ಅಳುತ್ತಾ ಜೋಳ ಬೀಸಿಕೊಟ್ಟ. ಮಾಸ್ತರರು ಅಳುತ್ತಾ ಮಗ್ಗಿ ಹೇಳಿಸಿದರು. ಮರುದಿನ ಸರಿಹೋಗುತ್ತಾರೆ, ಆದರೆ ಆ ಕನಸು ಮತ್ತೆ ಬರುವುದಿಲ್ಲ.

ಕಮಿಟಿಯ ಚೇರ್ಮನ್ ಗುರುಪಾದಪ್ಪ ಮಾರನೆಯ ಬೆಳಿಗ್ಗೆಯೇ ಗಿರಣಿಗೆ ಬಂದರು. ಅವರು ದಾವಲ ಕಾಕಾನನ್ನು ಬೈಯಲಿಲ್ಲ. ಬೆಂಚಿನ ಮೇಲೆ ಅವರ ಪಕ್ಕದಲ್ಲೇ ಕೂತು, ಮನುಷ್ಯನೆಂದ ಮೇಲೆ ದಣಿಯುವವನೇ, ಕಪಾಟಿನ ಆರೋಗ್ಯವನ್ನು ಕಪಾಟೇ ನೋಡಿಕೊಳ್ಳುವ ಹಾಗೆ ಏನಾದರೂ ಮಾಡಲಿಕ್ಕೆ ಬರುತ್ತದೆಯೇ ಎಂದು ನನ್ನನ್ನು ಕೇಳಿದರು. ಬರುತ್ತದೆ ಎಂದೆ. ಅವರು ಹೋದ ಮೇಲೆ ದಾವಲ ಕಾಕಾ ಇನ್ನೊಂದು ಲವಂಗ ಬಾಯಿಗಿಟ್ಟು ನನ್ನತ್ತ ತಿರುಗಿದರು.

“ಹಂಗಾದ್ರ ನನಗೇನ್ ಕೆಲಸ, ನೀಲವ್ವಾ?”

“ಮಲಗೋದು, ಕಾಕಾ.”

“ಭಾಳ ದಿನ ಆತಲ್ಲವಾ,” ಎಂದರು. “ಈಗ ಹೋದ್ರ ಕನಸು ನನ್ನ ಗುರ್ತ ಹಿಡೀತಾವೋ ಇಲ್ಲೋ.”

ನಾನು ಕೆಲಸಕ್ಕೆ ಕೂತೆ. ಅಗಸಿಗೆ ಒಂದು ಪ್ರಶ್ನೆ ಕಲಿಸಿದೆ. ಅದು ಸ್ವಲ್ಪ ಸ್ವಲ್ಪ ಹೊತ್ತಿಗೊಮ್ಮೆ ಪ್ರತಿ ಕಪಾಟನ್ನೂ ‘ಇದ್ದೀಯಾ?’ ಎಂದು ಕೇಳಬೇಕು. ‘ಇದ್ದೇನೆ’ ಎಂದರೆ ಸರಿ. ಮೂರು ಸಲ ಕರೆದರೂ ಓಗೊಡದಿದ್ದರೆ ಅತ್ತ ಯಾರನ್ನೂ ಕಳಿಸಬಾರದು, ಅಲ್ಲಿಗೆ ಬರಬೇಕಾದವರನ್ನು ಉಳಿದವುಗಳಿಗೆ ಹಂಚಬೇಕು. ಆಮೇಲೆ ಯಾರ ಕೈಗೂ ಕಾಯದೆ ಆ ಕಪಾಟನ್ನು ತಾನೇ ಆರಿಸಿ ತಾನೇ ಹೊತ್ತಿಸಬೇಕು. ಎದ್ದ ಕಪಾಟು ನಾಲ್ಕಾರು ಸಲ ಸರಿಯಾಗಿ ಓಗೊಟ್ಟ ಮೇಲಷ್ಟೇ ಮತ್ತೆ ಜನ. ದಾವಲ ಕಾಕಾ ಕೈಯಿಂದ ಮಾಡುತ್ತಿದ್ದದ್ದೇ ಇದು, ಅದನ್ನೇ ಅಗಸಿಗೆ ಒಪ್ಪಿಸಿದ್ದೆ.

ಕೆಲವು ದಿನ ನೆಮ್ಮದಿಯಾಗಿತ್ತು. ಆಮೇಲೆ ಕೌದಿ ಹೊಲಿಯುವ ದುಂಡವ್ವ ಗಿರಣಿಗೆ ಬಂದು, ತನಗೆ ಎರಡು ದಿನದಿಂದ ಗೋಡೆ ಬೀಳುತ್ತಿದೆ ಎಂದು ದೂರಿದರು. ಮನೆಯ ಗೋಡೆಯೇ ಬಿದ್ದಿತೇನೋ ಎಂದುಕೊಂಡೆ. ಕನಸಿನಲ್ಲಿ, ಎಂದರು. ಬರೀ ಸುಣ್ಣ ಬಳಿದ ಗೋಡೆ, ಅದರ ಮೇಲೆ ಹಲ್ಲಿಯೂ ಇಲ್ಲ, ಮೊಳೆಯೂ ಇಲ್ಲ. ವಿಚಾರಿಸಿದರೆ ಊರಿನ ಕಾಲು ಭಾಗದ ಜನಕ್ಕೆ ಅದೇ ಗೋಡೆ ಬಿದ್ದಿತ್ತು. ಅವರು ಅಳುತ್ತಿರಲಿಲ್ಲ, ಆದರೆ ನಾಲಿಗೆಗೆ ರುಚಿ ಹತ್ತದೆ ಉಪ್ಪಿನಕಾಯಿಯನ್ನು ಅನ್ನದ ಹಾಗೆ ತಿನ್ನುತ್ತಿದ್ದರು. ಗೋಡೆ ಕಡೆಯ ಕಪಾಟು ಕೇಳಿದಾಗಲೆಲ್ಲ ‘ಇದ್ದೇನೆ’ ಎನ್ನುತ್ತಿತ್ತು. ಇದ್ದದ್ದೂ ನಿಜ. ಕನಸು ಕೊಡುವುದನ್ನು ಮಾತ್ರ ಮರೆತಿತ್ತು.

ಹಾಗಾಗಿ ಪ್ರಶ್ನೆ ಬದಲಾಯಿಸಿದೆ. ಇದ್ದೀಯಾ ಎಂದು ಕೇಳುವ ಬದಲು, ಒಂದು ಸಣ್ಣ ಕನಸು ತೋರಿಸು ಎಂದು ಕೇಳುವುದು. ಅದಕ್ಕಾಗಿ ನನ್ನ ತವರಿನ ಓಣಿಯೊಂದನ್ನು ಕೂಡಿಸಿಕೊಟ್ಟೆ: ಒಂದು ಆಡು ಈ ಕಡೆಯ ನೆರಳಿನಿಂದ ಹೊರಟು, ಬಿಸಿಲು ದಾಟಿ, ಆ ಕಡೆಯ ನೆರಳಿಗೆ ಹೋಗುತ್ತದೆ. ಅಷ್ಟೇ. ಆಡು ಬೇಗ ದಾಟಿದರೆ ಕಪಾಟು ನೆಟ್ಟಗಿದೆ, ದಾಟದಿದ್ದರೆ ಕಾಯಿಲೆ. ಗೋಡೆಯ ಕಾಟ ನಿಂತಿತು. ಹಗಲೆಲ್ಲ ನಾಲ್ಕು ಕಪಾಟುಗಳಲ್ಲಿ ನಾಲ್ಕು ಆಡುಗಳು ಓಣಿ ದಾಟುತ್ತಿದ್ದವು. ನಾನೂ ದಾವಲ ಕಾಕಾನೂ ಚಹಾ ಕುಡಿಯುತ್ತಾ ಅಗಸಿಯ ಪರದೆಯ ಮೇಲೆ ಅವನ್ನು ನೋಡುತ್ತಾ ಕೂರುತ್ತಿದ್ದೆವು. ಒಂದು ದಿನ ಅವರೇ, ನಾಳೆ ಮಲಗಿ ನೋಡುತ್ತೇನೆ ಎಂದರು.

ಮನೆಯಲ್ಲಿ ಮಲಗಲು ಅವರಿಗೆ ಮನಸ್ಸಿರಲಿಲ್ಲ. ಗಿರಣಿಯೊಳಗೇ, ಬೆಂಚಿನ ಪಕ್ಕ ಚಾಪೆ ಹಾಸಿಕೊಂಡರು. ಊರು ಮಲಗುವ ಹೊತ್ತಾಯಿತು. ಅವರು ಲವಂಗ ಬಾಯಿಗೆ ಹಾಕಿಕೊಳ್ಳಲಿಲ್ಲ. ಮಗುವಿನ ಹಾಗೆ ಒಮ್ಮೆ ನನ್ನತ್ತ ನೋಡಿ ಕಣ್ಣು ಮುಚ್ಚಿದರು. ನೀರಿಗೆ ಕಲ್ಲು ಬಿದ್ದಂತೆ ಮುಳುಗಿದ್ದು ಕಾಣಿಸಿತು. ಅಗಸಿ ಅವರನ್ನು ಬಾಗಿಲ ಕಡೆಯ ಕಪಾಟಿಗೆ ಕಳಿಸಿತು.

ಸ್ವಲ್ಪ ಹೊತ್ತಿಗೆ ಆ ಕಪಾಟಿನ ದನಿ ಏರತೊಡಗಿತು. ಜಾಲರಿಯಿಂದ ಬಿಸಿ ಗಾಳಿ ಬಂದು ನನ್ನ ಸೆರಗು ಹಾರಿತು. ಪರದೆಯ ಮೇಲೆ ಅದರ ಆಡು ಮೆಲ್ಲಗಾಯಿತು, ಬಿಸಿಲಿನ ನಡುವೆ ಬಂದು ಒಂದು ಕಾಲೆತ್ತಿ ಹಾಗೇ ನಿಂತಿತು. ಅಗಸಿ ಒಮ್ಮೆ ಕೇಳಿತು, ಮತ್ತೊಮ್ಮೆ, ಮೂರನೆಯ ಸಲ. ನಾನು ಏಳುವುದರೊಳಗೆ ಕಪಾಟು ಆರಿತು. ಒಳಗಿದ್ದವರ ಕನಸು ಕಡಿಯಿತು. ಊರಿನ ಆ ಭಾಗದಲ್ಲಿ ಬಾಗಿಲುಗಳು ತೆರೆದ ಸದ್ದು ಕೇಳಿಸಿತು. ದಾವಲ ಕಾಕಾ ಮಾತ್ರ ಏಳಲಿಲ್ಲ. ಅವರ ನಿದ್ದೆ ಅಷ್ಟು ಆಳಕ್ಕೆ ಹೋಗಿತ್ತು. ಅಗಸಿ ಅವರನ್ನು ಎತ್ತಿ ಗೋಡೆ ಕಡೆಯ ಕಪಾಟಿಗೆ ಹಾಕಿತು. ಅದರ ಆಡೂ ಓಣಿಯ ನಡುವೆ ನಿಂತಿತು. ಅದೂ ಆರಿತು. ಅವರೂ, ಇನ್ನೂ ನಿದ್ದೆಗೆ ಜಾರುತ್ತಿದ್ದವರೂ ಉಳಿದ ಎರಡರ ಮೇಲೆ ಬಿದ್ದರು. ನಾನು ಓಡಿ, ಅಗಸಿಗೆ ಕಲಿಸಿದ್ದ ನಿಯಮವನ್ನು ನಿಲ್ಲಿಸಲು ನೋಡಿದೆ, ಆದರೆ ಅದು ನನಗಿಂತ ಚುರುಕಾಗಿತ್ತು. ಚುರುಕಾಗಿರಲಿ ಎಂದೇ ಅದನ್ನು ಮಾಡಿದ್ದೆ. ಒಂದರ ಹಿಂದೆ ಒಂದು ನಾಲ್ಕೂ ಆರಿದವು. ಗಿರಣಿಯಲ್ಲಿ ನಾನು ಅದುವರೆಗೆ ಕೇಳಿರದ ನಿಶ್ಶಬ್ದ ಬಂತು. ಗುಬ್ಬಿಯೊಂದು ತೊಲೆಯ ಮೇಲೆ ರೆಕ್ಕೆ ಕೊಡವಿದ್ದು ಕೇಳಿಸಿತು.

ಹೊರಗೆ ಹೋಗಿ ನೋಡಿದೆ. ಉರಿಬಿಸಿಲಿನ ನಡುಮಧ್ಯಾಹ್ನದಲ್ಲಿ ಇಡೀ ಊರು ಬೀದಿಯಲ್ಲಿ ನಿಂತಿತ್ತು. ಯಾರೂ ಕೂಗುತ್ತಿರಲಿಲ್ಲ. ಎಲ್ಲರ ಮುಖವೂ ಒದ್ದೆ. ದುಂಡವ್ವ ಅಂಥ ಸೆಕೆಯಲ್ಲಿ ಕೌದಿ ಹೊದ್ದುಕೊಂಡು ನಿಂತಿದ್ದರು. ಡ್ರೈವರ್ ಬಸ್ಸಿನ ಮೆಟ್ಟಿಲ ಮೇಲೆ ಕೂತು ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದ. ಗುರುಪಾದಪ್ಪನವರ ತೋಳಿನಲ್ಲಿ ಮೊಮ್ಮಗಳು ಬಿಕ್ಕುತ್ತಿತ್ತು, ಆ ಮಗುವಿಗೆ ಕನಸು ಬೀಳಲು ಶುರುವಾಗಿ ಕೆಲವೇ ದಿನಗಳಾಗಿದ್ದವು. ಅಷ್ಟು ಬೆಳಕು, ಅಷ್ಟು ಕಣ್ಣೀರು ಒಟ್ಟಿಗೆ ನಾನು ಎಲ್ಲಿಯೂ ಕಂಡಿಲ್ಲ.

ಒಳಗೆ ಬಂದಾಗ ದಾವಲ ಕಾಕಾ ಎದ್ದು ಕೂತಿದ್ದರು. ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು.

“ಹಾಜರಾ ಬಾಗಲಾ ತಗಿಯಾಕ ಹತ್ತಿದ್ಲವ್ವಾ,” ಎಂದರು. “ಚಿಲಕಾ ಸಪ್ಪಳಾತು. ಅಷ್ಟರಾಗ ಎಲ್ಲಾ ಆರಿಹೋತು.”

ಆ ಸಂಜೆಯೆಲ್ಲ ಕಪಾಟುಗಳೊಳಗೆ ಹುಡುಕಿದ ಮೇಲೆ ನನಗೆ ತಿಳಿಯಿತು. ಅವರು ಎಚ್ಚರವಿದ್ದ ಮಧ್ಯಾಹ್ನಗಳ ಕನಸುಗಳು ಎಲ್ಲಿಯೂ ಹೋಗಿರಲಿಲ್ಲ. ಅಗಸಿಯ ಹಿಂದೆ, ಅವರ ಹೆಸರಿನಲ್ಲಿ, ಬಂದ ಕ್ರಮದಲ್ಲೇ ಕಾಯುತ್ತಿದ್ದವು. ಅವರು ಕಣ್ಣು ಮುಚ್ಚಿದ್ದೇ ತಡ ಒಂದು ಆಯುಷ್ಯದ ಕನಸುಗಳು ಒಟ್ಟಿಗೆ ಹೊರಟಿದ್ದವು. ಕಪಾಟುಗಳಿಗೆ ಕಾಯಿಲೆಯೇ ಇರಲಿಲ್ಲ. ಭಾರ ಹೊತ್ತು ನಿಧಾನವಾಗಿದ್ದವು ಅಷ್ಟೆ. ನನ್ನ ನಿಯಮಕ್ಕೆ ನಿಧಾನಕ್ಕೂ ಸಾವಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ಹೊರಬಂದದ್ದು ಕಡಿದುಹೋಗಿತ್ತು, ಆದರೆ ಹಿಂದೆ ಇನ್ನೂ ಬಹಳ ಉಳಿದಿದ್ದವು, ಹಾಜರಾ ಬರುವ ಕನಸುಗಳೂ ಅವುಗಳಲ್ಲಿದ್ದವು.

ಮರುದಿನ ಶಾಲೆಯ ಅಂಗಳದಲ್ಲಿ ಊರು ಸೇರಿತು. ಬೆಳಗಿನ ಬಸ್ಸಿಗೆ ಶಮಶಾದ್ ಬಂದಿದ್ದಳು. ಯಾರು ಹೇಳಿಕಳಿಸಿದ್ದರೋ ಗೊತ್ತಿಲ್ಲ. ತಂದೆಯ ಪಕ್ಕದಲ್ಲಿ ಅವರ ತೋಳು ಹಿಡಿದುಕೊಂಡು ಕೂತಿದ್ದಳು. ನಾನು ಕಂಡದ್ದನ್ನು ಎಲ್ಲರಿಗೂ ತಿಳಿಯುವ ಹಾಗೆ ಹೇಳಿದೆ. ಗುರುಪಾದಪ್ಪನವರ ಮುಖ ಬಾಡಿತ್ತು. ಮೊಮ್ಮಗಳು ಹಿಂದಿನ ಸಂಜೆಯಿಂದ ಏನೂ ತಿಂದಿರಲಿಲ್ಲವಂತೆ. ಅವರು ಮೆಲ್ಲಗೆ, ದಾವಲಸಾಬ್ ಮಗಳ ಊರಿಗೆ ಹೋಗಿ ಇರುವುದು ಒಳ್ಳೆಯದಲ್ಲವೇ, ಅಲ್ಲಿ ಬೇರೆಯವರಂತೆ ರಾತ್ರಿ ಕನಸು ಬೀಳುತ್ತದೆ, ಊರಿಗೂ ಅಪಾಯವಿಲ್ಲ ಎಂದರು. ಅಲ್ಲಿ ಬೀಳುವುದು ಹೊಸ ಕನಸುಗಳು, ಇಲ್ಲಿ ಕಾಯುತ್ತಿರುವವು ಅವರಿಗೆ ಎಂದೂ ಸಿಗುವುದಿಲ್ಲ ಎಂದು ನಾನು ಹೇಳಬೇಕಾಯಿತು. ಹಾಜರಾ ಬಾಗಿಲ ಹಿಂದೆಯೇ ಉಳಿಯುತ್ತಾರೆ ಎನ್ನುವುದನ್ನು ಹೇಳಲಿಲ್ಲ. ದಾವಲ ಕಾಕಾ ತಲೆ ತಗ್ಗಿಸಿ ಕೂತಿದ್ದರು, ಏನು ಹೇಳಿದರೂ ಒಪ್ಪಿಬಿಡುವವರ ಹಾಗೆ.

ಶಮಶಾದ್ ಎದ್ದು ನಿಂತಳು. ಅವಳ ದನಿ ಏರಲಿಲ್ಲ.

“ಕಪಾಟಿಗೆ ಹೆಂಗದೀ ಅಂತ ಗಳಿಗಿಗೊಮ್ಮೆ ಕೇಳತೀರಿ. ನಮ್ಮ ಅಬ್ಬಾಗ ಇಷ್ಟು ವರ್ಷದಾಗ ಒಮ್ಮೆರ ಕೇಳೀರೇನ್ರಿ?”

 ಬೇವಿನ ಹೂವು ಉದುರುತ್ತಿತ್ತು. ಗುರುಪಾದಪ್ಪನವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ದುಂಡವ್ವ ಕೂತಲ್ಲಿಂದಲೇ ಮಾತಾಡಿದರು.

“ನಾವು ಮಲಗಿದಾಗ ಅಂವ ಎದ್ದು ಕುಂತಿದ್ದ. ಈಗ ಅಂವ ಮಲಗಲಿ. ನಾವು ಅರ್ಧಾ ಮಂದಿ ಎದ್ದು ಕುಂಡ್ರೂಣು.”

ಅರ್ಧ ಮಂದಿ ಎಂಬ ಮಾತು ಅವರ ಬಾಯಿಗೆ ಹೇಗೆ ಬಂತೋ, ನನಗೆ ಬೇಕಾಗಿದ್ದದ್ದು ಅದೇ. ಬಾವಿ ಕಡೆಯ ಕಪಾಟನ್ನು ದಾವಲ ಕಾಕಾ ಒಬ್ಬರಿಗೇ ಬಿಟ್ಟುಕೊಡುವುದು. ಉಳಿದ ಮೂರು ಇಡೀ ಊರನ್ನು ಒಟ್ಟಿಗೆ ಹೊರಲಾರವು, ಆದ್ದರಿಂದ ಊರು ಎರಡು ಸರದಿಯಲ್ಲಿ ಮಲಗುವುದು. ಮೇಲಿನ ಓಣಿಗಳು ಮೊದಲು, ಕೆಳಗಿನ ಓಣಿಗಳು ಆಮೇಲೆ. ಸರದಿಯಲ್ಲದವರನ್ನು ನಿದ್ದೆಗೆ ಸೆಳೆಯದಂತೆ ಅಗಸಿಗೆ ನಾನು ಹೇಳಿಕೊಡುವುದು. ಕೆಲವರು ಗೊಣಗಿದರು. ಬಿಸಿಲಿಳಿದ ಮೇಲೆ ಬೀಳುವ ಕನಸು ಹಳಸಿದ್ದಿರಬಹುದು ಎಂದು ಒಬ್ಬ ಅನುಮಾನಪಟ್ಟ. ಆದರೂ ಕೊನೆಗೆ ಒಪ್ಪಿದರು.

ನಿಯಮವನ್ನು ನಾನು ಬಿಚ್ಚಿ ಮತ್ತೆ ಹೊಲಿದೆ. ಆಡು ಕಾಣಿಸದೇ ಹೋದರೆ ಕಪಾಟು ಸತ್ತಿದೆ, ತಡಮಾಡದೆ ಎಬ್ಬಿಸಬೇಕು. ಆಡು ನಿಧಾನವಾದರೆ ಅತ್ತ ಹೊಸಬರನ್ನು ಕಳಿಸುವುದು ನಿಲ್ಲಿಸಬೇಕು, ಆದರೆ ಒಳಗಿದ್ದವರನ್ನು ಮುಟ್ಟಬಾರದು. ಅವರ ಕನಸು ಮುಗಿದು ಕೊನೆಯವರು ತಾವಾಗಿ ಹೊರಬಂದ ಮೇಲಷ್ಟೇ ಕಪಾಟನ್ನು ಆರಿಸಬೇಕು. ಮತ್ತೆ, ಒಂದು ಆರಿರುವಾಗ ಇನ್ನೊಂದನ್ನು ಆರಿಸಕೂಡದು, ಏನೇ ಆಗಲಿ. ಬಾವಿ ಕಡೆಯ ಕಪಾಟು ಆ ಎಲ್ಲ ಕನಸುಗಳ ಭಾರಕ್ಕೆ ನಿಜವಾಗಿ ಸತ್ತೇಹೋದರೆ ನನ್ನ ಕೈಯಲ್ಲಿ ಏನೂ ಇಲ್ಲ, ಎಲ್ಲವೂ ಹೋಗುತ್ತದೆ ಎಂದು ದಾವಲ ಕಾಕಾಗೆ ಬಿಡಿಸಿ ಹೇಳಿದೆ. ಅವರು ಕೇಳಿಸಿಕೊಂಡು, ಚಾಪೆಯ ಮೇಲೆ ಕೂತು ಚಪ್ಪಲಿ ಬಿಚ್ಚಿ ಗೋಡೆಗೆ ಜೋಡಿಸಿಟ್ಟರು. ಮಗಳ ತಲೆಯ ಮೇಲೆ ಕೈಯಿಟ್ಟು ಮಲಗಿದರು.

ಅವರು ಆ ಮಧ್ಯಾಹ್ನ ಏಳಲಿಲ್ಲ, ಮರುದಿನವೂ ಏಳಲಿಲ್ಲ. ದಿನಗಳು ಅವರ ಮೇಲೆ ಹಾದುಹೋದವು. ಶಮಶಾದ್ ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತಿದ್ದಳು, ಚಮಚದಲ್ಲಿ ಗಂಜಿ ಹಾಕಿದರೆ ನಿದ್ದೆಯಲ್ಲೇ ನುಂಗುತ್ತಿದ್ದರು. ಮುಖ ಗಳಿಗೆಗೊಂದು ಥರವಾಗುತ್ತಿತ್ತು. ಕೆಲವೊಮ್ಮೆ ಹುಡುಗನ ಮುಖ, ಕೆಲವೊಮ್ಮೆ ಮದುಮಗನದು. ಒಂದು ದಿನ ಎಳೆಗೂಸನ್ನು ಹಿಡಿದವರಂತೆ ಎರಡೂ ಕೈ ಎದೆಯ ಮೇಲೆ ಮಡಿಸಿಕೊಂಡರು, ಇಳಿಸಲೇ ಇಲ್ಲ. ಶಮಶಾದ್ ಅದನ್ನು ನೋಡುತ್ತಾ, ಅಬ್ಬಾ ಇವತ್ತು ತನ್ನ ಹತ್ತಿರ ಬಂದಿದ್ದಾರೆ ಎಂದಳು.

ಊರು ಎರಡು ಸರದಿಗೆ ಹೊಂದಿಕೊಂಡಿತು. ಅಲ್ಲಿಯ ಜನ ಅದುವರೆಗೆ ಮಲಗಿದ ಊರನ್ನು ನೋಡಿದವರಲ್ಲ, ನೋಡಬೇಕಾದ ಹೊತ್ತಿಗೆ ತಾವೂ ಮಲಗಿರುತ್ತಿದ್ದರು. ಈಗ ಕೆಳಗಿನ ಓಣಿಯವರು ಕಟ್ಟೆಯ ಮೇಲೆ ಕೂತು ಮೇಲಿನ ಓಣಿಯವರ ಉಸಿರು ಕೇಳುತ್ತಿದ್ದರು. ಜೋಡು ಹಾಕಿಕೊಂಡು ನಡೆದರೆ ಸಪ್ಪಳವಾಗುತ್ತದೆಂದು ಬರಿಗಾಲಿನಲ್ಲಿ ನಡೆಯತೊಡಗಿದರು. ಬಸ್ ಡ್ರೈವರ್‌ನದು ಕೆಳಗಿನ ಓಣಿ. ಬೇವಿನ ನೆರಳು ಮಧ್ಯಾಹ್ನ ಹೀಗೆ ಸುತ್ತು ತಿರುಗುತ್ತದೆಂದು ತನಗೆ ಗೊತ್ತೇ ಇರಲಿಲ್ಲ ಎಂದು ಅವನು ನನಗೆ ಬಹಳ ಬೆರಗಿನಿಂದ ಹೇಳಿದ. ಹಿಟ್ಟಿನ ಗಿರಣಿಯವನು ಮನೆಯ ಹೊಸ್ತಿಲಲ್ಲಿ ಕೂತು, ನಿದ್ದೆಯಲ್ಲಿ ನಗುವ ಹೆಂಡತಿಯನ್ನು ನೋಡುತ್ತಿದ್ದನಂತೆ, ಯಾತಕ್ಕೆ ನಕ್ಕೆ ಎಂದು ಕೇಳಲು ನಾಚಿಕೆಪಡುತ್ತಿದ್ದನಂತೆ. ಎದ್ದಿರುವ ಸರದಿಯವರು ಗಿರಣಿಗೂ ಬರುತ್ತಿದ್ದರು, ದಾವಲ ಕಾಕಾನ ಚಾಪೆಯ ಹತ್ತಿರ ಸುಮ್ಮನೆ ಕೂತು ಹೋಗುತ್ತಿದ್ದರು. ಯಾರೋ ಒಬ್ಬರು ಅವರ ಕಾಲಿನ ಮೇಲೆ ಹಗುರವಾದ ಕೌದಿಯೊಂದನ್ನು ಹೊದಿಸಿದ್ದರು. ಯಾರೆಂದು ಕೇಳಬೇಕಿರಲಿಲ್ಲ.

ಅದರ ನಡುವೆ ಒಂದು ಮಧ್ಯಾಹ್ನ ಹುಣಸೆಮರದ ಕಡೆಯ ಕಪಾಟಿನ ಆಡು ನಿಧಾನವಾಯಿತು. ಅಗಸಿ ಹೊಸಬರನ್ನು ಬೇರೆಡೆಗೆ ತಿರುಗಿಸಿತು. ಒಳಗಿದ್ದವರು ತಮ್ಮ ಪಾಡಿಗೆ ಕನಸು ಮುಗಿಸಿ ಒಬ್ಬೊಬ್ಬರಾಗಿ ಎದ್ದುಹೋದರು. ಕೊನೆಯವರು ಹೋದ ಮೇಲೆ ಕಪಾಟು ತಾನಾಗಿ ಆರಿತು, ತಾನಾಗಿ ಹೊತ್ತಿಕೊಂಡಿತು. ಒಂದು ಕಣ್ಣೂ ಒದ್ದೆಯಾಗಲಿಲ್ಲ. ಊರಿಗೆ ಅದು ಗೊತ್ತೇ ಆಗಲಿಲ್ಲ. ನಾನು ಕೈ ಕಟ್ಟಿ ಕೂತು ನೋಡಿದೆ.

ಬಾವಿ ಕಡೆಯ ಕಪಾಟಿನದೇ ಹೆದರಿಕೆ. ಅದರ ಆಡು ದಿನವೆಲ್ಲ ಎರಡು ಹೆಜ್ಜೆ ಇಡುತ್ತಿತ್ತು, ಕೆಲವು ದಿನ ಒಂದೇ. ಒಮ್ಮೆ ಕಾಲೆತ್ತಿ ನಿಂತದ್ದು ನಿಂತೇ ಇತ್ತು. ಜಾಲರಿ ಮುಟ್ಟಲಾಗದಷ್ಟು ಕಾದಿತ್ತು. ಶಮಶಾದ್ ಬೀಸಣಿಗೆಯಿಂದ ತಂದೆಗೆ ಗಾಳಿ ಹಾಕುವುದನ್ನು ಬಿಟ್ಟು ಕಪಾಟಿಗೆ ಹಾಕತೊಡಗಿದಳು. ಗುರುಪಾದಪ್ಪನವರು ಅದೇ ಹೊತ್ತಿಗೆ ಬಂದವರು, ನನ್ನ ಹೆಗಲ ಹಿಂದೆ ನಿಂತು ಪರದೆ ನೋಡಿದರು. ಸತ್ತಿಲ್ಲವಲ್ಲ ಎಂದು ಪಿಸುಗುಟ್ಟಿದರು. ಇಲ್ಲ, ನಿಧಾನವಷ್ಟೇ ಎಂದೆ. ಅವರು ಅಂಗಿಯ ತೋಳು ಮಡಿಸಿ, ಬಾವಿಯಿಂದ ನೀರು ಸೇದಿ ತಂದು, ಕಪಾಟಿನ ಸುತ್ತಲ ನೆಲಕ್ಕೆ ಚಿಮುಕಿಸಿ, ಕಿಟಕಿಗೆ ಒದ್ದೆ ಚಾದರ ಕಟ್ಟಿದರು. ಮತ್ತೆ ಸೇದಿ ತಂದರು. ಅವರು ಮೇಲಿನ ಓಣಿಯವರು, ತಮ್ಮ ಸರದಿಯ ಕನಸನ್ನು ಬಿಟ್ಟು ಬಂದಿದ್ದಾರೆಂದು ಆಮೇಲೆ ನನಗೆ ಹೊಳೆಯಿತು. ರೆಪ್ಪೆ ಮುಚ್ಚಿಕೊಂಡು ಹೋಗುತ್ತಿದ್ದರೂ ಬಿಂದಿಗೆ ಬಿಡಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಆಡು ಎತ್ತಿದ ಕಾಲನ್ನು ನೆಲಕ್ಕಿಟ್ಟಿತು. ಅವರು ಬಿಂದಿಗೆಯ ಪಕ್ಕದಲ್ಲೇ ಗೋಡೆಗೊರಗಿ ನಿದ್ದೆಹೋದರು.

ಆಮೇಲೆ ಕಪಾಟು ತಣ್ಣಗಾಗುತ್ತಾ ಬಂತು. ದಾವಲ ಕಾಕಾನ ಮುಖಕ್ಕೆ ಅವರದೇ ವಯಸ್ಸು ಬಂದು ನಿಂತಿತು.

ಅವರು ಎದ್ದದ್ದು ಕೆಳಗಿನ ಓಣಿಯ ಸರದಿಯ ಹೊತ್ತಿನಲ್ಲಿ. ಸದ್ದಿಲ್ಲದೆ ಕಣ್ಣು ತೆರೆದರು, ತೊಲೆಗಳನ್ನು ನೋಡಿದರು, ಮೆಲ್ಲಗೆ ಎದ್ದು ಕೂತರು. ಚಹಾ ಕೊಟ್ಟೆ. ಕಪ್ಪು ತುಟಿಗೆ ಹೋಯಿತು, ಎಲ್ಲೂ ನಿಲ್ಲಲಿಲ್ಲ. ಎರಡು ಗುಟುಕು ಕುಡಿದ ಮೇಲೆ ಅವರಾಗಿ ಹೇಳತೊಡಗಿದರು. ಹಾಜರಾ ಬಾಗಿಲು ತೆಗೆದರಂತೆ. ಇಷ್ಟು ದಿನ ಎಲ್ಲಿದ್ದೆ ಎಂದು ಬೈದರಂತೆ. ಊಟಕ್ಕೆ ಹಾಕಿ, ಉಣ್ಣುವ ತನಕ ಎದುರಿಗೆ ಕೂತಿದ್ದು, ಆಮೇಲೆ ಕೈ ಒರೆಸಿಕೊಂಡು, ತಾನಿನ್ನು ಹೋಗುತ್ತೇನೆ ಎಂದರಂತೆ. ಹಾಜರಾ ಹೋಗುವುದನ್ನು ಓಣಿಯ ತಿರುವಿನ ತನಕ ನಿಂತು ನೋಡಿದ್ದಾಗಿ ಹೇಳಿದರು. ಅವಳು ತೀರಿಕೊಂಡ ದಿನ ನೋಡಲಿಕ್ಕಾಗಿರಲಿಲ್ಲ, ಬೆಂಚಿನ ಮೇಲಿದ್ದೆ ಎಂದರು. ಅವರ ಕಣ್ಣು ಒಣಗಿಯೇ ಇತ್ತು.

ಶಮಶಾದ್ ಚಾಪೆಯ ಅಂಚಿನಲ್ಲಿ ಮಲಗಿದ್ದಳು. ಅಲ್ಲಿ ಹುಟ್ಟಿದವರ ಹೆಸರನ್ನು ಅಗಸಿ ಮರೆಯುವುದಿಲ್ಲ. ಬಂದ ದಿನದಿಂದ ತಂದೆಗಾಗಿ ಕಣ್ಣು ಹಿಗ್ಗಿಸಿಕೊಂಡು ಕೂತಿದ್ದವಳು ಆ ಮಧ್ಯಾಹ್ನ ಸೋತು ಒರಗಿದ್ದಳು. ಬೀಸಣಿಗೆ ಕೈಯಲ್ಲೇ ಇತ್ತು. ಅಬ್ಬಾ ಎದ್ದದ್ದನ್ನು ಮೊದಲು ಅವಳೇ ನೋಡಬೇಕಿತ್ತು ಅನ್ನಿಸಿ, ಎಬ್ಬಿಸಲು ನಾನು ಬಾಗಿದೆ. ದಾವಲ ಕಾಕಾ ನನ್ನ ಕೈ ಹಿಡಿದರು.

“ಬ್ಯಾಡವ್ವಾ. ಪೂರಾ ಕಾಣಲಿ.”

ಒಡೆದ ಹೆಂಚಿನ ಸಂದಿನಿಂದ ಬಿಸಿಲಿನ ಒಂದು ತುಂಡು ನೆಲದ ಮೇಲೆ ಸರಿದು ಅವಳ ಕೆನ್ನೆಯ ಹತ್ತಿರ ಬರುತ್ತಿತ್ತು. ಅವರು ಚಹಾದ ಕಪ್ಪು ಕೆಳಗಿಟ್ಟರು. ತಮ್ಮ ನೆರಳು ಮಗಳ ಮುಖದ ಮೇಲೆ ಬೀಳುವ ಹಾಗೆ ಅತ್ತ ಸರಿದು ಕೂತರು. ಬಿಸಿಲು ಜರುಗಿದಷ್ಟೂ ತಾವೂ ಜರುಗುತ್ತಾ, ಅವಳು ತಾನಾಗಿ ಏಳುವ ತನಕ ಹಾಗೇ ಕೂತಿದ್ದರು.